ಪ್ರವಾಸಿಯು ಕಂಡ ಉಳ್ಳಾಲದ ರಾಣಿ

ನಮ್ಮ ಸಚಿನ್‌ಗೆ ಸಮೀಪದ ಸೂರತ್ ನಗರವು ಮೊಗಲರ ಕಾಲದಲ್ಲಿ ಪಶ್ಚಿಮ ಸಮುದ್ರದ ಹೆಬ್ಬಾಗಿಲಾಗಿತ್ತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು 1623ರ ಫೆಬ್ರುವರಿಯಲ್ಲಿ ಇಲ್ಲಿಯೇ ಬಂದಿಳಿದನು. ಖಂಭಾತ, ಅಹಮದಾಬಾದುಗಳನ್ನು ನೋಡಿ, ಗೋವೆಯ ಮಾರ್ಗವಾಗಿ ಅದೇ ವರ್ಷದ ಕೊನೆಯಲ್ಲಿ ಆತನು ಕನ್ನಡನಾಡನ್ನೂ ತುಳುನಾಡನ್ನೂ ಹೊಕ್ಕನು. ಉಳ್ಳಾಲದ ರಾಣಿ, ಚೌಟ ವಂಶದ ಅಬ್ಬಕ್ಕದೇವಿಯನ್ನು ತಾನು ಕಂಡ ಬಗೆಯನ್ನು ಆತನು ಪತ್ರದಲ್ಲಿ ಬರೆದಿಟ್ಟಿದ್ದಾನೆ.

ಅಂದಿನ ಕರಾವಳಿಯ ಬಾಳು ಯುದ್ಧದ ನೆರಳಿನ ಬಾಳು. ಕಡಲ ವ್ಯಾಪಾರವನ್ನು ಕೈವಶಪಡಿಸಿಕೊಳ್ಳಲು ಪೋರ್ಚುಗೀಸರು 1568ರಲ್ಲಿ ಮಂಗಳೂರಿನಲ್ಲಿ ಕೋಟೆಯನ್ನು ಕಟ್ಟಿದ್ದರು. ರಾಣಿಯ ಪತಿಯಾದ ಬಂಗರಾಜನು ಅವರ ಪಕ್ಷದವನು. ರಾಣಿಯಾದರೋ ಅವನಿತ್ತ ಒಡವೆಗಳನ್ನು ಹಿಂದಿರುಗಿಸಿ, ಆ ಸಂಬಂಧವನ್ನೇ ಕಡಿದುಕೊಂಡಳು. ಯುದ್ಧವೊದಗಿದಾಗ ಇಕ್ಕೇರಿಯ ವೆಂಕಟಪ್ಪನಾಯಕನ ನೆರವು ಪಡೆದು ಇಬ್ಬರನ್ನೂ ಸೋಲಿಸಿದಳು.

ಇಂತಹ ರಾಣಿಯನ್ನು ಪ್ರವಾಸಿಯು ಕಂಡುದು ಸಿಂಹಾಸನದ ಮೇಲಲ್ಲ. ಹೊಲಗಳಿಗೆ ನೀರು ಹರಿಸುವ ಕಾಲುವೆಗಳ ಕೆಲಸವನ್ನು ನೋಡಲು ಆಕೆ ಬರಿಗಾಲಿನಲ್ಲಿ ನಡೆದುಬಂದಿದ್ದಳು. ಉಟ್ಟುದು ಸಾದಾ ಹತ್ತಿಯ ಬಟ್ಟೆ. ನೆರಳಿಗೆ ಓಲೆಗರಿಯ ಕೊಡೆ. ನೋಟಕ್ಕೆ ಅಡಿಗೆಯ ಆಳಿನಂತಿದ್ದರೂ ಆಕೆಯ ಮಾತಿನಲ್ಲಿ ರಾಜಗಾಂಭೀರ್ಯವಿತ್ತು. ದೊರೆಯ ಸೈನ್ಯಗಳನ್ನು ಸೋಲಿಸಿದವಳು ಇವಳೇ ಎಂದು ಆತನು ಬೆರಗಾದನು.

ಆಕೆಗೆ ಈ ಅಧಿಕಾರವು ಬಂದುದೆಲ್ಲಿಂದ? ಪರಾಕ್ರಮ ಮಾತ್ರವೇ ಕಾರಣವಲ್ಲ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಮನೆತನವೂ ಆಸ್ತಿಯೂ ಹೆಣ್ಣಿನ ಮೂಲಕ ಮುಂದುವರಿಯುತ್ತಿದ್ದುವು. ಪತಿಯನ್ನು ತೊರೆದರೂ ನೆಲೆ ತಪ್ಪುತ್ತಿರಲಿಲ್ಲ. ಇದಕ್ಕೆ ಕೆಲವೇ ವಾರಗಳ ಹಿಂದೆ, ಇಕ್ಕೇರಿಯಲ್ಲಿ ಇದೇ ಪ್ರವಾಸಿಯು ಗಂಡನ ಚಿತೆಯೇರಲು ಹೊರಟ ವಿಧವೆಯೊಬ್ಬಳೊಡನೆ ಮಾತನಾಡಿ, ಅವಳನ್ನು ತಡೆಯಲು ಯತ್ನಿಸಿ ವಿಫಲನಾಗಿದ್ದನು. ಆ ಹೆಣ್ಣಿಗೂ ಎದೆಗಾರಿಕೆಯ ಕೊರತೆಯಿರಲಿಲ್ಲ. ಪತಿಯಿಲ್ಲದೆಯೂ ಗೌರವದಿಂದ ಬಾಳಬಹುದೆಂಬ ಸ್ಥಾನವನ್ನು ಸಮಾಜವು ಅವಳಿಗೆ ಕೊಟ್ಟಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ವೀರರಾಣಿಯರೆಂದೊಡನೆ ಕುದುರೆಯೂ ಕತ್ತಿಯೂ ನಮ್ಮ ಕಣ್ಣ ಮುಂದೆ ಬರುತ್ತವೆ. ಅದು ಸಹಜವೇ. ಆದರೆ ಯುದ್ಧವು ಮುಗಿದ ಮೇಲೂ ಜನರಿಗೆ ಅನ್ನ ಬೇಕು. ಅನ್ನಕ್ಕೆ ನೀರು ಬೇಕು. ಶತ್ರುವನ್ನು ಹಿಮ್ಮೆಟ್ಟಿಸಿದ ರಾಣಿಯೇ ಕಾಲುವೆಯ ದಂಡೆಯಲ್ಲಿ ನಿಂತುದನ್ನು ನಾವು ಮರೆಯಬಾರದು. ಹೆಣ್ಣಿನ ಧೈರ್ಯವನ್ನು ಕೊಂಡಾಡುವುದು ಸುಲಭ. ಆಕೆಗೆ ಹಕ್ಕನ್ನು ಕೊಟ್ಟರೆ ಆ ಧೈರ್ಯವು ನಾಡನ್ನೇ ಕಾಯುತ್ತದೆ.