ಸೂಜಿ ಚುಚ್ಚುವವರು ಯಾರು ಅಂತ ಕೇಳಿದ್ದೀರಾ?

ಸಂಜೆ ಆರೂವರೆ. ಹಾಸನದ ಬಸ್ ಸ್ಟಾಂಡಿನಿಂದ ಕೂಗಳತೆ ದೂರದ ಒಂದು ಡಾಕ್ಟರ್ ಶಾಪು. ಮೆಟ್ಟಿಲ ಮೇಲೆ ಇಪ್ಪತ್ತು ಜೊತೆ ಚಪ್ಪಲಿ. ಒಳಗೆ ಎರಡು ಬೆಂಚು, ಒಂದು ಫ್ಯಾನು, ಮಾತ್ರೆ ಕಂಪನಿಯವರು ಕೊಟ್ಟ ಕ್ಯಾಲೆಂಡರು. ಡಾಕ್ಟರು ಇನ್ನೂ ಬಂದಿಲ್ಲ. ಆದರೆ ಚಿಕಿತ್ಸೆ ಆಗಲೇ ಶುರುವಾಗಿದೆ.

ಒಬ್ಬ ತಾಯಿ ಎಂಟು ವರ್ಷದ ಹುಡುಗನನ್ನು ಎಳೆದುಕೊಂಡು ಬಂದರು. ಮೀನಖಂಡಕ್ಕೆ ಬೀದಿನಾಯಿ ಬಾಯಿ ಹಾಕಿದೆ. ಗಾಯದ ಮೇಲೆ ದಪ್ಪಗೆ ಅರಿಶಿನ. ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದ ಸಿಸ್ಟರ್ ಚೀಟಿನೂ ಬರೆಯಲಿಲ್ಲ, ಹೆಸರೂ ಕೇಳಲಿಲ್ಲ. ಹುಡುಗನನ್ನು ನೆಟ್ಟಗೆ ಹಿತ್ತಲ ನಲ್ಲಿಗೆ ಕರಕೊಂಡು ಹೋಗಿ, ಗೋಡೆ ಗಡಿಯಾರ ನೋಡಿಕೊಂಡು, ಸೋಪು ಹಚ್ಚಿ ಹದಿನೈದು ನಿಮಿಷ ಹರಿಯೋ ನೀರಲ್ಲಿ ಗಾಯ ತೊಳೆದರು.

"ಇಂಜೆಕ್ಷನ್ ಕೊಟ್ಟು ಕಳಿಸೀಮ್ಮಾ, ಸೋಪು ನಮ್ಮನೇಲೂ ಇತ್ತಲ್ಲ" ಅಂತ ಆ ತಾಯಿ ಗೊಣಗಿದರು.

"ಇತ್ತು ಕಣಮ್ಮ, ಆದ್ರೆ ಹಚ್ಚಿದ್ದು ಅರಿಶಿನ" ಅಂದರು ಸಿಸ್ಟರ್.

ರಕ್ತ ಬಂದಿತ್ತು. ಹಾಗಾಗಿ ಬರೀ ಲಸಿಕೆ ಸಾಲದು, ಗಾಯದ ಸುತ್ತ ಕೊಡೋ ಸೀರಂ ಕೂಡ ಬೇಕು, ಅದು ಈ ಶಾಪಿನಲ್ಲಿ ಇಲ್ಲ, ದೊಡ್ಡಾಸ್ಪತ್ರೆಗೆ ಈಗಲೇ ಹೋಗಿ ಅಂತ ಆಟೋ ಹತ್ತಿಸಿದರು. ಹೋಗುವಾಗ ಕೈಗೊಂದು ಚೀಟಿ. ಇವತ್ತು, ಆಮೇಲೆ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ತಾರೀಕು ಲೆಕ್ಕ ಹಾಕಿ ಬರೆದು, ಆ ತಾಯಿಯ ಫೋನ್ ನಂಬರನ್ನೂ ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಗಾಯ ಮಾಯ್ತು ಅಂತ ಮಧ್ಯದಲ್ಲಿ ಬಿಟ್ಟುಬಿಡೋರೇ ಜಾಸ್ತಿ ಸಾರ್, ರೇಬಿಸ್ ಬಂದ ಮೇಲೆ ಉಳಿಯೋದು ಇಲ್ಲ ಅನ್ನೋ ಮಾತು ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ ಅಂದರು ನಮ್ಮ ಹತ್ತಿರ.

ಡಾಕ್ಟರು ಬಂದದ್ದು ಏಳಕ್ಕೆ. ಬಂದ ಮೇಲೆ ಒಬ್ಬೊಬ್ಬರಿಗೆ ಎರಡು ನಿಮಿಷ, ಬಹಳ ಅಂದರೆ ಮೂರು. ಅವರನ್ನು ದೂರುವಂತಿಲ್ಲ, ಹೊರಗೆ ಬೆಂಚು ಖಾಲಿ ಆಗಬೇಕಲ್ಲ. ಆದರೆ ಆ ಎರಡು ನಿಮಿಷ ಸಾಕಾಗುವುದು ಹೊರಗೆ ಸಿಸ್ಟರ್ ಮಾಡಿಟ್ಟ ಕೆಲಸದಿಂದ. ಬಸ್ಸಿಂದ ಇಳಿದು ಓಡಿಬಂದವರ ಬಿಪಿ ಅವರು ಆಗಲೇ ನೋಡುವುದಿಲ್ಲ. ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂರಿಸುತ್ತಾರೆ, ಫೋನ್ ಕೆಳಗಿಡಿಸುತ್ತಾರೆ, ಆಮೇಲೆ ಕೈಗೆ ಪಟ್ಟಿ. ಅವಸರದಲ್ಲಿ ನೋಡಿದ್ದು ಮನುಷ್ಯನ ಬಿಪಿ ಅಲ್ಲ, ಬಸ್ಸಿನ ಬಿಪಿ ಅನ್ನೋದು ಅವರ ಲೆಕ್ಕ.

ಇನ್ನು ನಮ್ಮ ವ್ಯಾಪಾರಸ್ಥರ ಕತೆ. ಕಟಿನ್‌ಕೆರೆ ಮಾರುಕಟ್ಟೆ ಕಡೆಯ ಒಬ್ಬ ಅಂಗಡಿ ಮಾಲೀಕರು ಸಕ್ಕರೆ ಕಾಯಿಲೆಗೆ ಬಂದಿದ್ದರು. ಡಾಕ್ಟರು ಕೇಳಿದರೆ ಇವರ ಉತ್ತರ ಯಾವಾಗಲೂ ಒಂದೇ, "ಮಾತ್ರೆ ಸರಿಯಾಗಿ ತಗೋತಿದೀನಿ ಸಾರ್." ಸಿಸ್ಟರ್ ಹಾಗೆ ಕೇಳುವುದಿಲ್ಲ. "ಮಾತ್ರೆ ಪಟ್ಟಿ ಕೊಡಿ ಇಲ್ಲಿ" ಅಂತ ಜೇಬಿಂದ ತೆಗೆಸಿ ಎಣಿಸುತ್ತಾರೆ. ಹದಿನೈದು ದಿನದ ಪಟ್ಟಿಯಲ್ಲಿ ಒಂಬತ್ತು ಮಾತ್ರೆ ಹಾಗೇ ಇದ್ದವು. ಮಧ್ಯಾಹ್ನದ ಊಟಕ್ಕೆ ಗಲ್ಲಾಪೆಟ್ಟಿಗೆ ಬಿಟ್ಟು ಏಳಲಾಗದು, ಊಟವೇ ಇಲ್ಲದ ಮೇಲೆ ಮಾತ್ರೆ ಎಲ್ಲಿಂದ? ಇದನ್ನು ಸಿಸ್ಟರ್ ಒಳಗೆ ಹೋಗಿ ಡಾಕ್ಟರ ಕಿವಿಗೆ ಹಾಕಿದರು. ಹಾಕದಿದ್ದರೆ ಏನಾಗುತ್ತಿತ್ತು ನೋಡಿ: ಸಕ್ಕರೆ ಇಳಿದಿಲ್ಲ ಅಂತ ಡಾಕ್ಟರು ಡೋಸು ಏರಿಸುತ್ತಿದ್ದರು. ಒಂದು ದಿನ ಹೆಂಡತಿ ಬೈದರು ಅಂತ ಈ ಯಜಮಾನರು ಏರಿಸಿದ ಮಾತ್ರೆ ಪೂರ್ತಿ ನುಂಗಿ, ಊಟ ಬಿಟ್ಟು, ಗಲ್ಲಾದ ಮೇಲೆ ತಲೆ ತಿರುಗಿ ಬೀಳುತ್ತಿದ್ದರು.

ಅವರ ಚಪ್ಪಲಿ ಬಿಚ್ಚಿಸಿ ಪಾದವನ್ನೂ ನೋಡಿದರು. ಸಕ್ಕರೆ ಕಾಯಿಲೆಯವರಿಗೆ ಕಾಲು ಮರಗಟ್ಟಿರುತ್ತದೆ, ಮೊಳೆ ಚುಚ್ಚಿದರೂ ತಿಳಿಯದು. ಇನ್ನು ಹೆಂಗಸರು ಮುಟ್ಟಿನ ತೊಂದರೆ, ಬಿಳಿ ಸೆರಗು ಇವನ್ನೆಲ್ಲ ಗಂಡಸು ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ. "ಸೊಂಟನೋವು" ಅಂತಾರೆ, ಮುಗೀತು. ನಿಜ ಹೊರಗೆ ಬರೋದು ಈ ಮೇಜಿನ ಹತ್ತಿರ.

ಇದಿಷ್ಟು ಮೆಚ್ಚುವ ಮಾತು. ಈಗ ಇನ್ನೊಂದು ಮಗ್ಗುಲು. ಎಲ್ಲ ಶಾಪಿನಲ್ಲೂ ಇಂಥ ಸಿಸ್ಟರ್ ಇರುವುದಿಲ್ಲ.

ಕೆಲವು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಜ್ವರ ಬಂದು ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಬಿಳಿ ಕೋಟು ತೊಟ್ಟ ಹುಡುಗಿ ಸೊಂಟದ ಕೆಳಗೆ ಸೂಜಿ ಹಾಕಿದಳು. ಹಾಕಿದ ಕ್ಷಣ ಹೆಬ್ಬೆರಳವರೆಗೂ ಕರೆಂಟು ಹೊಡೆದ ಹಾಗಾಯ್ತು. ಕುಂಡೆಯ ಮೇಲಿನ ಹೊರಮಗ್ಗುಲಿಗೆ ಕೊಡಬೇಕಾದ್ದನ್ನು ಕೆಳಗೆ, ಒಳಗೆ ಕೊಟ್ಟಿದ್ದಳು. ಕಾಲಿಗೆ ಹೋಗುವ ದೊಡ್ಡ ನರ ಇರುವುದೇ ಅಲ್ಲಿ. ಮೂರು ತಿಂಗಳು ಕುಂಟಿದೆ. ಆಮೇಲೆ ಗೊತ್ತಾಯಿತು, ಆ ಹುಡುಗಿ ಅದಕ್ಕೆ ಮೊದಲು ಫ್ಯಾನ್ಸಿ ಸ್ಟೋರಿನಲ್ಲಿದ್ದಳು, ನನ್ನ ಹಾಗೇ ಪಿಯುಸಿ ಅರ್ಧಕ್ಕೆ ಬಿಟ್ಟವಳು. ನಾನು ಪೇಪರಿಗೆ ಬಂದೆ, ಅವಳು ಸಿರಿಂಜು ಹಿಡಿದಳು. ನನ್ನ ತಪ್ಪಿಗೆ ಮಾರನೇ ದಿನ ತಿದ್ದುಪಡಿ ಹಾಕಬಹುದು. ಅವಳದಕ್ಕೆ? ಅವಳನ್ನು ಬೈದು ಪ್ರಯೋಜನ ಇಲ್ಲ ಸ್ವಾಮಿ, ಕಲಿಸದೆ ಕೈಗೆ ಸೂಜಿ ಕೊಟ್ಟವರನ್ನು ಕೇಳಬೇಕು.

ನರ್ಸ್ ಅಂದರೆ ಬಿಳಿ ಕೋಟಲ್ಲ. ಜಿಎನ್‌ಎಂ ಅಂದರೆ ಮೂರು ವರ್ಷದ ಓದು, ಎಎನ್‌ಎಂ ಅಂದರೆ ಎರಡು ವರ್ಷ. ಪಾಸಾದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ದಾಖಲಾಗಬೇಕು. ಖಾಸಗಿ ಕ್ಲಿನಿಕ್ಕುಗಳೂ ನೋಂದಣಿ ಮಾಡಿಸಬೇಕು ಅಂತ ಕರ್ನಾಟಕದಲ್ಲಿ 2007ರಲ್ಲೇ ಕಾಯಿದೆ ಆಗಿದೆ. ಸರ್ಕಾರ 2022ರ ಡಿಸೆಂಬರ್‌ನಲ್ಲಿ ಊರೂರಿಗೆ "ನಮ್ಮ ಕ್ಲಿನಿಕ್" ತೆರೆದಾಗ ಡಾಕ್ಟರ ಜೊತೆ ಒಬ್ಬ ನರ್ಸ್ ಇರಲೇಬೇಕು ಅಂತ ಇಟ್ಟಿತು. ಖಾಸಗಿಯವರಲ್ಲಿ ಕಲಿತವರು ಯಾಕೆ ನಿಲ್ಲುವುದಿಲ್ಲ?

ಡಾಕ್ಟರನ್ನೇ ಕೇಳಿದೆ. "ಕಲಿತವರು ಬೆಂಗಳೂರಿಗೆ ಹೋಗ್ತಾರೆ, ಗಲ್ಫಿಗೆ ಹೋಗ್ತಾರೆ. ನಾನು ಸಂಬಳ ಜಾಸ್ತಿ ಮಾಡಬೇಕಾದ್ರೆ ಫೀಸು ಜಾಸ್ತಿ ಮಾಡಬೇಕು. ಐವತ್ತು ರೂಪಾಯಿ ಏರಿಸಿದ್ರೆ ನಿಮ್ಮ ಓದುಗರೇ ಪಕ್ಕದ ಬೀದಿಗೆ ಹೋಗ್ತಾರಲ್ರೀ" ಅಂದರು. ಇದೂ ಸುಳ್ಳಲ್ಲ.

2016ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಕೇಂದ್ರ ಸರ್ಕಾರದ ಸಮಿತಿಯೊಂದು ಖಾಸಗಿ ಆಸ್ಪತ್ರೆ ನರ್ಸುಗಳ ಸಂಬಳಕ್ಕೆ ಲೆಕ್ಕ ಕೊಟ್ಟಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗೆ ಕಮ್ಮಿ ಕೊಡಬಾರದು ಅಂತ. ಲೆಕ್ಕ ಹಾಕಿದ್ದು ಹಾಸಿಗೆ ಮೇಲೆ. ಒಂದೂ ಹಾಸಿಗೆ ಇಲ್ಲದ, ಎರಡು ಬೆಂಚಿನ ಶಾಪಿನವರು ಯಾವ ಲೆಕ್ಕಕ್ಕೆ? ನಮ್ಮ ಸಿಸ್ಟರ್ ಎಎನ್‌ಎಂ ಓದಿದವರು, ಆಲೂರು ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರು. ತಮ್ಮ ಸಂಬಳ ಹೇಳಿ "ಬರೀಬೇಡಿ ಸಾರ್" ಅಂದರು. ಬರೆಯುವುದಿಲ್ಲ. ಇಪ್ಪತ್ತರ ಅರ್ಧವೂ ಇಲ್ಲ ಅಂತ ಮಾತ್ರ ಹೇಳುತ್ತೇನೆ.

ಅಪಾಯ ಮಾತ್ರ ಪೂರ್ತಿ ಇದೆ. ಹಿಂದೆ ಗಾಜಿನ ಸಿರಿಂಜನ್ನು ಸ್ಟವ್ ಮೇಲೆ ಕುದಿಸುತ್ತಿದ್ದರು, ಹಿರಿಯರಿಗೆ ನೆನಪಿರಬಹುದು. ಈಗ ಒಂದು ಸಲ ಬಳಸಿ ಸೂಜಿ ಕತ್ತರಿಸಿ, ತೂತು ಬೀಳದ ಡಬ್ಬಿಗೆ ಹಾಕಬೇಕು. ಗಡಿಬಿಡಿಯಲ್ಲಿ ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ತಮ್ಮ ಬೆರಳಿಗೇ ಚುಚ್ಚಿಕೊಳ್ಳುವವರು ಉಂಟು. ಹೆಪಟೈಟಿಸ್ ಬಿ ಹತ್ತುವುದು ಹೀಗೆ. ಅದಕ್ಕೆ ಮೂರು ಲಸಿಕೆ: ಮೊದಲನೆಯದು, ತಿಂಗಳು ಬಿಟ್ಟು ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ನಿಮಗೆ ಆಗಿದೆಯಾ ಅಂತ ಕೇಳಿದೆ.

"ಎರಡು ಆಗಿದೆ. ಮೂರನೇದರ ಹೊತ್ತಿಗೆ ಹಳೇ ಕೆಲಸ ಬಿಟ್ಟಿದ್ದೆ. ಆಮೇಲೆ ಹಾಗೇ ಉಳೀತು."

ಹುಡುಗನ ಇಪ್ಪತ್ತೆಂಟನೇ ದಿನದ ತಾರೀಕು ಬಾಯಲ್ಲೇ ಹೇಳುವ ಹೆಂಗಸು ಇವರು!

ಬಸ್ಸಿನ ಓದುಗರಿಗೆ ಒಂದು ಮಾತು. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಕೂತ್ಕೊಳ್ಳಿ ಅಂತ ಸಿಸ್ಟರ್ ಹೇಳಿದರೆ ಬಸ್ ಬಂತು ಅಂತ ಓಡಬೇಡಿ. ಔಷಧಿ ಒಗ್ಗದೆ ಉಸಿರು ಕಟ್ಟುವ ಗಂಡಾಂತರ ಹೆಚ್ಚಾಗಿ ಮೊದಲ ಕೆಲವು ನಿಮಿಷದಲ್ಲೇ ಬರುವುದು. ಆಗ ತೊಡೆಗೆ ಕೊಡಬೇಕಾದ ಅಡ್ರಿನಲಿನ್ ಆ ಟ್ರೇನಲ್ಲಿದೆ, ಬಸ್ಸಿನಲ್ಲಿಲ್ಲ. ತಿಂಗಳ ಮೊದಲ ದಿನ ಅದರ ತಾರೀಕು ಮುಗಿದಿದೆಯೋ ಅಂತ ನೋಡುವುದೂ ಇವರ ಕೆಲಸವೇ. ಡಾಕ್ಟರು ಮಾತ್ರೆ ಸಾಕು ಅಂದರೂ "ಸೂಜಿ ಹಾಕದೆ ಇದೆಂಥ ಟ್ರೀಟ್‌ಮೆಂಟು" ಅಂತ ಹೊರಗೆ ಬಂದು ಸಿಸ್ಟರ್ ಮೇಲೆ ರೇಗುವ ಚಾಳಿಯನ್ನೂ ಬಿಡಿ. ರೇಗುವ ಬದಲು ಎಲ್ಲಿ ಓದಿದ್ದೀರಮ್ಮ ಅಂತ ಒಂದು ಸಲ ಕೇಳಿ. ಓದಿದವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಕೇಳಿದಾಗ ಇವರು ಪರ್ಸಿನಿಂದ ಕೌನ್ಸಿಲ್ ಕಾರ್ಡು ತೆಗೆದು ತೋರಿಸಿದರು.

ಮೊನ್ನೆ ಮತ್ತೆ ಆ ಕಡೆ ಹೋಗಿದ್ದೆ. ಹುಡುಗನ ತಾಯಿಗೆ ಮೂರನೇ ದಿನ ಬೆಳಿಗ್ಗೆ ಫೋನ್ ಮಾಡಿ ನೆನಪಿಸಿದರಂತೆ. ಹಾಕಿಸಿದ್ದಾರೆ. ಏಳನೇ ದಿನದ್ದು ಬರುವ ಬುಧವಾರ.