ಮೆಲಿಯಾಯ್ಡೋಸಿಸ್ ರೋಗನಿದಾನದಲ್ಲಿ ಛಾಯಾಚಿತ್ರಗಳ ಸ್ಥಾನ

ಮಸ್ಕಿಯ ಅಶೋಕಶಾಸನವು 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಸಿ. ಬೀಡನ್ ಎಂಬವರಿಂದ ಬೆಳಕಿಗೆ ಬಂದುದು ವಾಚಕರಿಗೆ ವಿದಿತವೇ ಆಗಿದೆ. ಅದಕ್ಕೆ ಮೊದಲು ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಹೆಸರಿರಲಿಲ್ಲ. ಆತನು ಯಾರೆಂಬ ಊಹೆ ಸಿಂಹಳದ ಗ್ರಂಥಗಳ ಬಲದಿಂದ ಸರಿಯಾಗಿಯೇ ಇದ್ದಿತು. ಆದರೂ ಹೆಸರು ಕಲ್ಲಿನ ಮೇಲೆ ಕಂಡುದು ಮೊದಲು ಮಸ್ಕಿಯಲ್ಲಿ. ವೈದ್ಯನಲ್ಲದ ಇತಿಹಾಸದ ಅಧ್ಯಾಪಕನು ರೋಗನಿದಾನವನ್ನು ಕುರಿತು ಬರೆಯಲು ಈ ಪ್ರಸಂಗವೇ ನೆಪ. ಕ್ಷ-ಕಿರಣವಾಗಲಿ ಸ್ಕ್ಯಾನಿಂಗ್ ಆಗಲಿ ರೋಗದ ಬಿರುದುಗಳನ್ನು ಓದಿಕೊಡುತ್ತದೆ. ಹೆಸರನ್ನು ಬೇರೆಡೆ ಹುಡುಕಬೇಕಾಗುತ್ತದೆ. ಈ ಮಾತು ಮೆಲಿಯಾಯ್ಡೋಸಿಸ್ ಎಂಬ ರೋಗಕ್ಕೆ ಒಪ್ಪುವಷ್ಟು ಬೇರೆ ಬಹಳ ಕಡಮೆ ರೋಗಗಳಿಗೆ ಒಪ್ಪೀತು.

ಇದು ‘ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿ’ ಎಂಬ ಬ್ಯಾಕ್ಟೀರಿಯದಿಂದ ಬರುವ ರೋಗ. ಉಷ್ಣವಲಯದ ಹಸಿ ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ಅದರ ವಾಸ. ಗಾಯದ ಮೂಲಕ, ಉಸಿರಿನ ಮೂಲಕ, ಕುಡಿಯುವ ನೀರಿನ ಮೂಲಕ ಅದು ದೇಹವನ್ನು ಹೊಗುತ್ತದೆ. ಮಧುಮೇಹಿಗಳು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. 1911ರಲ್ಲಿ ರಂಗೂನಿನ ಶವಾಗಾರದಲ್ಲಿ ಆಲ್‌ಫ್ರೆಡ್ ವಿಟ್‌ಮೋರ್ ಮತ್ತು ಅವರ ಸಹಾಯಕ ಸಿ. ಎಸ್. ಕೃಷ್ಣಸ್ವಾಮಿ ಇದನ್ನು ಮೊದಲು ಗುರುತಿಸಿ, ಮರುವರ್ಷ ವರದಿಯನ್ನು ಪ್ರಕಟಿಸಿದರು. ಅವರು ಶ್ವಾಸಕೋಶ, ಯಕೃತ್ತು, ಗುಲ್ಮಗಳಲ್ಲಿ ಕೀವುಗಟ್ಟಿದ ಕುರುಗಳನ್ನು ಕಂಡದ್ದು ರೋಗಿಯು ಸತ್ತ ಮೇಲೆ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕಿರಣಗಳು ಆಗಲೇ ಬಳಕೆಗೆ ಬಂದಿದ್ದುವಾದರೂ, ಯಕೃತ್ತು ಗುಲ್ಮಗಳ ಒಳಗನ್ನು ಜೀವಂತ ರೋಗಿಯಲ್ಲಿ ನೋಡುವುದು ಅಲ್ಟ್ರಾಸೌಂಡ್ ಮತ್ತು ಸಿ.ಟಿ. ಬರುವವರೆಗೆ ಸುಲಭವಾಗಲಿಲ್ಲ. ಮನುಷ್ಯನ ಮೇಲೆ ಮೊದಲ ಸಿ.ಟಿ. ಸ್ಕ್ಯಾನ್ ನಡೆದುದು 1971ರಲ್ಲಿ.

ಎದೆಯ ಎಕ್ಸ್-ರೇಯಲ್ಲಿ ಈ ರೋಗ ಹಲವು ವೇಷಗಳಲ್ಲಿ ಕಾಣುತ್ತದೆ. ಕೆಲವರಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಹರಡಿದ ಮಚ್ಚೆಗಳು ಕೆಲವೇ ದಿನಗಳಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೆಲವರಲ್ಲಿ ತಿಂಗಳುಗಟ್ಟಲೆ ಕೆಮ್ಮು, ಜ್ವರ, ದೇಹ ಸವೆಯುವಿಕೆ, ಚಿತ್ರದಲ್ಲಿ ಮೇಲ್ಭಾಗದ ಪೊಟರೆ. ಇದು ಕ್ಷಯದ ಚಿತ್ರವೇ ಸರಿ ಎನ್ನುವಷ್ಟು ಹೋಲಿಕೆ. ಕಫದಲ್ಲಿ ಕ್ಷಯದ ಕ್ರಿಮಿ ಕಾಣದಿದ್ದರೂ ಚಿತ್ರವನ್ನು ನಂಬಿ ಕ್ಷಯದ ಔಷಧಿಯನ್ನು ಆರಂಭಿಸುವುದುಂಟು. ಅಪಾಯವಿರುವುದು ಇಲ್ಲಿಯೇ, ಕ್ಷಯದ ವಾಡಿಕೆಯ ಔಷಧಿಗಳಿಂದ ಈ ಬ್ಯಾಕ್ಟೀರಿಯ ಸಾಯುವುದಿಲ್ಲ. ಇಂತಹ ಸಂದೇಹದಲ್ಲಿ ಹೊಟ್ಟೆಯ ಚಿತ್ರ ಹೆಚ್ಚು ಮಾತನಾಡುತ್ತದೆ. ಗುಲ್ಮದಲ್ಲಿ ಹಲವಾರು ಸಣ್ಣ ಕುರುಗಳು, ಯಕೃತ್ತಿನಲ್ಲಿ ಗೋಡೆಗೆ ಗೋಡೆ ತಾಗಿದ ಜೇನುಹುಟ್ಟಿನಂಥ ರಚನೆ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕುರು ಇವು ಜ್ವರಪೀಡಿತನಾದ ಮಧುಮೇಹಿಯಲ್ಲಿ ಒಟ್ಟಿಗೆ ಕಂಡರೆ ವೈದ್ಯನು ಎಚ್ಚರಗೊಳ್ಳಬೇಕು. ಆಸ್ಟ್ರೇಲಿಯದ ಡಾರ್ವಿನ್ನಿನ ವೈದ್ಯರು, ಹೊಟ್ಟೆನೋವು ಇಲ್ಲದ ವಯಸ್ಕ ರೋಗಿಗಳಿಗೂ ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನ್ ಮಾಡಿಸುವ ಪದ್ಧತಿಯನ್ನು ಇರಿಸಿಕೊಂಡಿರುವುದು ಇಂತಹ ಅಡಗಿದ ಕುರುಗಳಿಗಾಗಿ.

ನಮ್ಮ ರಾಜ್ಯದಲ್ಲಿ ಈ ರೋಗದ ಅಧ್ಯಯನ ಹೆಚ್ಚಾಗಿ ನಡೆದಿರುವುದು ಕರಾವಳಿಯಲ್ಲಿ, ಮುಖ್ಯವಾಗಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ. ರೋಗಿಗಳು ಅಲ್ಲಿ ಮಳೆಗಾಲದಲ್ಲಿ ಹೆಚ್ಚು. ಕರಾವಳಿಯ ಸಂಗತಿ ರಾಯಚೂರು ಸೀಮೆಗೆ ಏತಕ್ಕೆ ಎಂದು ಕೇಳಬಹುದು. ಲಿಂಗಸುಗೂರು, ಮಸ್ಕಿಗಳ ಮಳೆಯಾಶ್ರಿತ ಹಳ್ಳಿಗಳಿಂದ ಗುಳೆ ಹೋಗುವ ಕೂಲಿಕಾರರಲ್ಲಿ ಮಂಗಳೂರು ಉಡುಪಿಗಳ ಕಟ್ಟಡದ ಕೆಲಸಕ್ಕೆ ಸೇರುವವರು ಇದ್ದಾರೆ. ಸಿಂಧನೂರಿನ ಕಾಲುವೆ ನೀರಿನ ಗದ್ದೆಗಳಲ್ಲಿ, ನಮ್ಮವರು ನೆಲ್ಲು ಎನ್ನುವ ಬೆಳೆಯನ್ನು ಬರಿಗಾಲಲ್ಲಿ ನಿಂತು ನಾಟಿ ಮಾಡುವವರೂ ಅವರ ಬಂಧುಗಳೇ. ರೋಗವು ಸಾಮಾನ್ಯವಾಗಿ ಮೂರು ವಾರದೊಳಗೆ ತಲೆದೋರುತ್ತದೆಯಾದರೂ ಕೆಲವರಲ್ಲಿ ವರ್ಷಗಳ ಕಾಲ ಅಡಗಿದ್ದು ಮೇಲೇಳುತ್ತದೆ. ವಿಯಟ್ನಾಮಿನಿಂದ ಮರಳಿದ ಅಮೆರಿಕದ ಸೈನಿಕರಲ್ಲಿ ಹೀಗಾಯಿತು. ಆದುದರಿಂದ ಲಿಂಗಸುಗೂರಿನಲ್ಲಿ ತೆಗೆದ ಎಕ್ಸ್-ರೇಯನ್ನು ಓದುವವನು, ಈ ಮನುಷ್ಯನು ಹಿಂದಿನ ಮಳೆಗಾಲಗಳನ್ನು ಎಲ್ಲಿ ಕಳೆದನು, ಯಾವ ಮಣ್ಣನ್ನು ತುಳಿದನು ಎಂದು ಕೇಳಬೇಕು. ವೈದ್ಯರು ಪೂರ್ವವೃತ್ತಾಂತವೆನ್ನುವುದೂ ಒಂದು ಬಗೆಯ ಇತಿಹಾಸವೇ. ಅವಸರದ ಹೊರರೋಗಿ ವಿಭಾಗದಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ.

ಹೆಸರು ದೊರೆಯುವುದು ಪ್ರಯೋಗಶಾಲೆಯಲ್ಲಿ. ರಕ್ತ, ಕಫ, ಮೂತ್ರ, ಕೀವು ಇವುಗಳನ್ನೆಲ್ಲ ಕಲ್ಚರ್ ಪರೀಕ್ಷೆಗೆ ಕಳಿಸಬೇಕು. ಒಮ್ಮೆ ಕಾಣದಿದ್ದರೆ ಮತ್ತೊಮ್ಮೆ ಕಳಿಸಬೇಕು. ಸ್ಕ್ಯಾನಿನ ಸಹಾಯದಿಂದ ಸೂಜಿಯನ್ನು ನೇರವಾಗಿ ಕುರುವಿಗೇ ಇಳಿಸಿ ಕೀವನ್ನು ತೆಗೆಯಬಹುದಾದ್ದರಿಂದ, ಚಿತ್ರವು ಹೆಸರಿನ ದಾರಿಯನ್ನೂ ತೋರಿಸುತ್ತದೆ ಎನ್ನಬೇಕು. ಬೆಳೆದ ಬ್ಯಾಕ್ಟೀರಿಯವನ್ನು ಮಾಮೂಲಿ ಸ್ಯೂಡೋಮೊನಾಸ್ ಎಂದು ಬಗೆದು ಬದಿಗಿಡುವುದುಂಟು. ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್‌ಗಳಿಗೆ ಜಗ್ಗದೆ ಕೋ-ಅಮಾಕ್ಸಿಕ್ಲಾವ್‌ಗೆ ಮಣಿದರೆ ಸಂಶಯ ಪಡಬೇಕೆಂಬುದು ಪ್ರಯೋಗಶಾಲೆಯವರ ಸೂತ್ರ.

ಚಿಕಿತ್ಸೆ ದೀರ್ಘವಾದುದು. ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಔಷಧಿಯನ್ನು ರಕ್ತನಾಳದ ಮೂಲಕ ಕನಿಷ್ಠ 10ರಿಂದ 14 ದಿನ, ಒಳಗೆ ಆಳವಾದ ಕುರುವಿದ್ದರೆ ನಾಲ್ಕು ವಾರವೋ ಅದಕ್ಕೂ ಹೆಚ್ಚೋ ಕೊಟ್ಟು, ಅನಂತರ ಕೋ-ಟ್ರೈಮಾಕ್ಸಜೋಲ್ ಮಾತ್ರೆಗಳನ್ನು ಮೂರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ನುಂಗಿಸಬೇಕು. ಜ್ವರವಿಳಿದೊಡನೆ ರೋಗಿಗೆ ಕೂಲಿಯ ಚಿಂತೆ ಹತ್ತುತ್ತದೆ, ಮಾತ್ರೆ ನಿಲ್ಲುತ್ತದೆ, ರೋಗ ಮರುಕಳಿಸುತ್ತದೆ. ಆ ಹೊತ್ತಿನಲ್ಲಿ ಮರುಸ್ಕ್ಯಾನಿನಲ್ಲಿ ಇನ್ನೂ ಉಳಿದಿರುವ ಕುರುವನ್ನು ರೋಗಿಗೂ ಮನೆಯವರಿಗೂ ತೋರಿಸಿ, ಮಾತ್ರೆ ಏಕೆ ನಿಲ್ಲಿಸಬಾರದೆಂಬುದನ್ನು ಅವರ ಮಾತಿನಲ್ಲೇ ತಿಳಿಸಿ ಹೇಳುವ ವೈದ್ಯರಿದ್ದಾರೆ.