ಮನೆಯ ಜಾಲಸೇವಕ: ಲಿನಕ್ಸ್ ನವಾಭ್ಯಾಸಿಗಳಿಗೊಂದು ಪ್ರವೇಶಿಕೆ

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂಬುದು ಪ್ರಾಜ್ಞರ ಮಾತು. ಆದರೆ ಕೊಡುವುದಕ್ಕೊಂದು ನೆಲೆ ಬೇಕು. ಬೇಡಿ ಬಂದವರು ತಟ್ಟುವುದಕ್ಕೊಂದು ಬಾಗಿಲು ಬೇಕು. ಒಂದು ಕಾಲಕ್ಕೆ ತಾಳೆಯೋಲೆಯ ಕಟ್ಟುಗಳೂ ಅನಂತರ ಅಚ್ಚಿನ ಪುಸ್ತಕಗಳೂ ಈ ಕಾರ್ಯವನ್ನು ನಡೆಸಿದವು. ಇಂದು ಆ ಹೊಣೆಯ ಬಹುಭಾಗವನ್ನು ಅಂತರಜಾಲವು ವಹಿಸಿಕೊಂಡಿದೆ. ಅಲ್ಲಿ ಪುಟಗಳನ್ನು ಓದುವವರು ಅಸಂಖ್ಯರು. ಆ ಪುಟಗಳು ಎಲ್ಲಿಂದ ಬರುತ್ತವೆಂದು ಬಲ್ಲವರು ವಿರಳ. ಅವುಗಳನ್ನು ತಮ್ಮ ಮನೆಯಿಂದಲೇ ಲೋಕಕ್ಕೆ ಬಡಿಸಬಹುದೆಂದು ಅರಿತವರಂತೂ ಇನ್ನೂ ವಿರಳ. ಆ ವಿಷಯದ ಸ್ಥೂಲಪರಿಚಯವೇ ಈ ಲೇಖನದ ಉದ್ದೇಶವಾಗಿದೆ.

ಇಂಗ್ಲಿಷಿನ ‘ಸರ್ವರ್’ ಎಂಬ ಶಬ್ದಕ್ಕೆ ಸೇವೆ ಮಾಡುವವನು ಎಂದರ್ಥ. ದೊಡ್ಡ ಗ್ರಂಥಾಲಯಗಳಲ್ಲಿ ಓದುಗನು ತನಗೆ ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟರೆ, ಪರಿಚಾರಕನು ಒಳಗೆ ಹೋಗಿ ಅದನ್ನು ತಂದು ಮುಂದಿಡುತ್ತಾನೆ, ಇಲ್ಲದಿದ್ದರೆ ಇಲ್ಲವೆನ್ನುತ್ತಾನೆ, ಕೊಡಲು ಅಪ್ಪಣೆಯಿಲ್ಲದಿದ್ದರೆ ನಿರಾಕರಿಸುತ್ತಾನೆ. ಜಾಲಸೇವಕನ ಕೆಲಸವೂ ಇಷ್ಟೇ. ಪುಟವು ದೊರೆತರೆ 200, ಇಲ್ಲದಿದ್ದರೆ 404, ಅಪ್ಪಣೆಯಿಲ್ಲದಿದ್ದರೆ 403 ಎಂಬ ಸಂಖ್ಯೆಯನ್ನು ಅದು ಉತ್ತರದೊಡನೆ ಕಳುಹಿಸುತ್ತದೆ. ಟಿಮ್ ಬರ್ನರ್ಸ್-ಲೀ ಎಂಬವರು ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನ ಕೇಂದ್ರದಲ್ಲಿ 1989ರಲ್ಲಿ ಈ ವ್ಯವಸ್ಥೆಯನ್ನು ಸೂಚಿಸಿ, 1990ರಲ್ಲಿ ಮೊದಲ ಸೇವಕವನ್ನು ನಡೆಸಿದರು. ಅದು ಮೇಜಿನ ಮೇಲಿನ ಒಂದು ಗಣಕವೇ ಆಗಿತ್ತು. ಯಾರೂ ಅರಿಯದೆ ಅದನ್ನು ಆರಿಸಿಬಿಡದಿರಲೆಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಎಚ್ಚರಿಕೆಯ ಚೀಟಿಯೊಂದನ್ನು ಅಂಟಿಸಿದ್ದರು. ಇದರಿಂದ ವ್ಯಕ್ತವಾಗುವುದೇನೆಂದರೆ, ಸೇವಕವೆಂಬುದು ಯಂತ್ರದ ಜಾತಿಯಲ್ಲ, ಅದು ವಹಿಸಿಕೊಂಡ ವೃತ್ತಿ. ಎಡೆಬಿಡದೆ ಎಚ್ಚರವಾಗಿರುವುದೇ ಆ ವೃತ್ತಿಯ ಮೊದಲ ಧರ್ಮ.

ಬೇರೆಯವರ ಸೇವಕಗಳು ಹೇರಳವಾಗಿ, ಕೆಲವು ಉಚಿತವಾಗಿಯೂ ದೊರೆಯುವಾಗ ಮನೆಯಲ್ಲೇಕೆ ಈ ಶ್ರಮವೆಂಬ ಪ್ರಶ್ನೆ ಸಹಜ. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬ ತಾಣದಲ್ಲಿ ಲಕ್ಷಾಂತರ ಮಂದಿ ತಮ್ಮ ಪುಟಗಳನ್ನು ಬಿಡಿ ಕಾಸಿಲ್ಲದೆ ಇರಿಸಿದ್ದರು. 1999ರಲ್ಲಿ ಅದನ್ನು ಕೊಂಡ ಯಾಹೂ ಸಂಸ್ಥೆಯು 2009ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಿತು. ಕೆಲವು ಉತ್ಸಾಹಿಗಳು ನಕಲು ಮಾಡಿಟ್ಟುಕೊಂಡದ್ದು ಉಳಿಯಿತು, ಮಿಕ್ಕದ್ದು ಅಳಿಯಿತು. ನಿವೃತ್ತ ಉಪಾಧ್ಯಾಯರೊಬ್ಬರು ಮೂವತ್ತು ವರ್ಷ ಊರೂರು ಅಲೆದು ಬೀಸುವ ಪದ, ಹಂತಿಯ ಹಾಡು, ಗಾದೆ, ಒಗಟುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆಂದು ಭಾವಿಸಬಹುದು. ಹಾಡಿದ ಮುದುಕಿಯರು ಇಂದಿಲ್ಲ; ಹಾಡಿನ ಆಧಾರ ಆ ಪುಸ್ತಕಗಳಲ್ಲದೆ ಬೇರಿಲ್ಲ. ಅಂಥ ನಿಧಿಯನ್ನು ಪರರ ಕೃಪೆಯೊಂದರ ಮೇಲೆಯೇ ಬಿಡುವುದು ವಿವೇಕವಲ್ಲ. ಮನೆಯ ಸೇವಕದಿಂದ ದೊರೆಯುವ ಲಾಭ ಹಣದ ಉಳಿತಾಯವಲ್ಲ, ಸ್ವಾಧೀನತೆ. ಅದರ ಜೊತೆಗೆ ಹೊಣೆಯೂ ಬರುತ್ತದೆಂಬುದನ್ನು ಮೊದಲೇ ತಿಳಿದಿರಬೇಕು.

ಯಂತ್ರಕ್ಕಾಗಿ ಹೆಚ್ಚು ವೆಚ್ಚ ಮಾಡಬೇಕಾದುದಿಲ್ಲ. ಬರಿಯ ಬರಹ ಮತ್ತು ಚಿತ್ರಗಳ ಪುಟಗಳಿಗೆ ಹತ್ತು ವರ್ಷ ಹಿಂದಿನ ಗಣಕವೂ ಸಾಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಪೋಷಣೆ ಮುಗಿದ ಕಾರಣ, ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಒಳ್ಳೆಯ ಗಣಕಗಳು ಹಳತೆನಿಸಿ ಮೂಲೆ ಸೇರುತ್ತಿವೆ. ಲಿನಕ್ಸ್ ಅವುಗಳಿಗೆ ಮರುಜೀವ ಕೊಡಬಲ್ಲದು. ಹಳೆಯ ಲ್ಯಾಪ್‌ಟಾಪ್ ಆದರೆ ಅದರ ಬ್ಯಾಟರಿಯೇ ವಿದ್ಯುತ್ತು ಹೋದಾಗ ಆಸರೆಯಾಗುತ್ತದೆ. ಆದರೆ ಬ್ಯಾಟರಿ ಉಬ್ಬಿದ್ದು ಕಂಡರೆ ಅದನ್ನು ಒಡನೆಯೇ ತೆಗೆಸಬೇಕು. ಮುಚ್ಚಳ ಹಾಕಿದರೂ ನಿದ್ರಿಸದಂತೆ ಅದಕ್ಕೆ ಮೊದಲೇ ಕಟ್ಟಳೆ ಮಾಡಿರಬೇಕು. 2012ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವೂ ಈ ಕೆಲಸಕ್ಕೆ ಒದಗುತ್ತದೆ. ವಿದ್ಯುತ್ತಿನ ಲೆಕ್ಕವನ್ನು ಹೀಗೆ ಹಾಕಬಹುದು: 5 ವಾಟ್ ಬಳಸುವ ಯಂತ್ರವು ಹಗಲಿರುಳೂ ನಡೆದರೆ ತಿಂಗಳಿಗೆ ಸುಮಾರು 3.6 ಯೂನಿಟ್, 60 ವಾಟ್ ಬಳಸುವ ಮೇಜುಗಣಕವಾದರೆ ಸುಮಾರು 43 ಯೂನಿಟ್.

ಇನ್ನು ಲಿನಕ್ಸ್. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದ ತಿರುಳೂ, ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆಯ ಉಪಕರಣಗಳೂ ಕೂಡಿ ಬೆಳೆದ ವ್ಯವಸ್ಥೆಯಿದು. ಇದನ್ನು ಯಾರೂ ಪಡೆಯಬಹುದು, ಓದಬಹುದು, ತಿದ್ದಬಹುದು, ಹಂಚಬಹುದು. ತಿರುಳಿನ ಸುತ್ತ ಬೇಕಾದುದನ್ನೆಲ್ಲ ಜೋಡಿಸಿ ಕೊಡುವ ಕಟ್ಟುಗಳಿಗೆ ವಿತರಣೆಗಳೆಂದು ಹೆಸರು. ಅವುಗಳಲ್ಲಿ 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಸ್ಥಿರತೆಗೆ ಹೆಸರಾದುದು. ಅದನ್ನು ಪೆನ್‌ಡ್ರೈವಿಗೆ ಇಳಿಸಿ ಹಳೆಯ ಗಣಕದಲ್ಲಿ ಸ್ಥಾಪಿಸುವಾಗ ಮೂರು ಅಂಶಗಳನ್ನು ಮರೆಯಬಾರದು. ಗಣಕದಲ್ಲಿದ್ದುದೆಲ್ಲ ಅಳಿಸಿಹೋಗುವುದರಿಂದ ಬೇಕಾದುದನ್ನು ಮೊದಲೇ ಬೇರೆಡೆ ತೆಗೆದಿರಿಸಬೇಕು. ‘ರೂಟ್’ ಎಂಬ ಸರ್ವಾಧಿಕಾರಿಯ ಗುಪ್ತಪದದ ಸ್ಥಳವನ್ನು ಖಾಲಿ ಬಿಟ್ಟರೆ, ಮೊದಲ ಬಳಕೆದಾರನಿಗೆ ‘ಸುಡೊ’ ಎಂಬ ಶಬ್ದದ ಮೂಲಕ ಆ ಅಧಿಕಾರವನ್ನು ಬೇಕಾದಾಗ ಮಾತ್ರ ಎರವಲು ಪಡೆಯುವ ಅನುಕೂಲ ದೊರೆಯುತ್ತದೆ. ಸಲಕರಣೆಗಳ ಪಟ್ಟಿಯಲ್ಲಿ ಅಲಂಕಾರದ ಪರದೆಗಳನ್ನು ಬಿಟ್ಟು ‘ಎಸ್‌ಎಸ್‌ಎಚ್’ ಸೇವೆಯನ್ನು ಆರಿಸಬೇಕು. ಆಗ ಆ ಗಣಕಕ್ಕೆ ಪರದೆಯೂ ಕೀಲಿಮಣೆಯೂ ಬೇಕಾಗದೆ, ಮನೆಯ ಮತ್ತೊಂದು ಗಣಕದಿಂದಲೇ ಅದನ್ನು ನಡೆಸಬಹುದು.

ನವಾಭ್ಯಾಸಿಯು ಮೊದಲು ಬೆದರುವುದು ಕಪ್ಪು ಪರದೆಯನ್ನು ಕಂಡು. ಅಲ್ಲಿ ಚಿತ್ರಗಳಿಲ್ಲ, ಒತ್ತಲು ಗುಂಡಿಗಳಿಲ್ಲ. ಇರುವುದು ಮಾತು ಮಾತ್ರ. ವ್ಯಾಕರಣ ಬಲ್ಲವರಿಗೆ ಇದು ಹೊಸತೇನಲ್ಲ: ಪ್ರತಿ ಆಜ್ಞೆಯಲ್ಲಿಯೂ ಒಂದು ಕ್ರಿಯೆ, ಅದಕ್ಕೊಂದು ಕರ್ಮ, ನಡುನಡುವೆ ವಿಶೇಷಣಗಳು. ‘ಸುಡೊ ಆಪ್ಟ್ ಅಪ್‌ಡೇಟ್’ ಎಂದರೆ ಭಂಡಾರದ ಹೊಸ ಪಟ್ಟಿಯನ್ನು ತರಿಸು ಎಂದರ್ಥ. ‘ಸುಡೊ ಆಪ್ಟ್ ಅಪ್‌ಗ್ರೇಡ್’ ಎಂದರೆ ಇರುವುದನ್ನು ಹೊಸದಾಗಿಸು ಎಂದರ್ಥ. ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ. ಗಣಕದಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಬರೆಯತಕ್ಕದ್ದು. ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಲಿನಕ್ಸ್ ಅಲ್ಪಪ್ರಾಣ ಮಹಾಪ್ರಾಣಗಳಷ್ಟೇ ಕಟ್ಟುನಿಟ್ಟಾಗಿ ಎಣಿಸುತ್ತದೆ.

ಪುಟಗಳನ್ನು ಬಡಿಸುವ ತಂತ್ರಾಂಶಗಳಲ್ಲಿ 1995ರಿಂದ ಬಂದ ಅಪಾಚೆ, 2004ರಲ್ಲಿ ಇಗೊರ್ ಸಿಸೋಯೆವ್ ಬಿಡುಗಡೆ ಮಾಡಿದ ಎಂಜಿನ್-ಎಕ್ಸ್ ಇವೆರಡೂ ಪ್ರಸಿದ್ಧವಾದುವು. ಎರಡನೆಯದನ್ನು ಎನ್, ಜಿ, ಐ, ಎನ್, ಎಕ್ಸ್ ಎಂಬ ಐದಕ್ಷರಗಳಿಂದ ಬರೆಯುತ್ತಾರೆ. ‘ಸುಡೊ ಆಪ್ಟ್ ಇನ್‌ಸ್ಟಾಲ್’ ಎಂಬುದರ ಮುಂದೆ ಆ ಹೆಸರನ್ನು ಬರೆದರೆ ಕ್ಷಣಾರ್ಧದಲ್ಲಿ ಅದು ನೆಲೆಗೊಂಡು ಕೆಲಸಕ್ಕೆ ನಿಲ್ಲುತ್ತದೆ. ಅನಂತರ ‘ಐಪಿ ಎ’ ಎಂಬ ಆಜ್ಞೆಯಿಂದ ಗಣಕದ ವಿಳಾಸವನ್ನು ತಿಳಿದು, ಮನೆಯ ಫೋನಿನ ಜಾಲದರ್ಶಕದಲ್ಲಿ ಆ ಅಂಕೆಗಳನ್ನು ಬರೆದರೆ ಸ್ವಾಗತದ ಪುಟ ಮೂಡುತ್ತದೆ. ವಾರ್ ಎಂಬ ಕೋಶದೊಳಗಿನ ಡಬ್ಲ್ಯೂಡಬ್ಲ್ಯೂಡಬ್ಲ್ಯೂ, ಅದರೊಳಗಿನ ಎಚ್‌ಟಿಎಂಎಲ್ ಎಂಬ ಕೋಶದಲ್ಲಿ ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಎಂಬ ಕಡತವನ್ನಿರಿಸಿದೊಡನೆ ಸ್ವಾಗತದ ಪುಟವು ಹಿಂದೆ ಸರಿದು ಸ್ವಂತ ಪುಟ ಮುಂದೆ ಬರುತ್ತದೆ.

ಕನ್ನಡ ಬರಹದ ವಿಷಯದಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಯೂನಿಕೋಡ್ ಪದ್ಧತಿಯಲ್ಲಿ 1991ರಿಂದಲೂ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ಆ ಸಂಕೇತಗಳನ್ನು ಜಾಲದಲ್ಲಿ ಸಾಗಿಸುವ ‘ಯುಟಿಎಫ್-8’ ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಹಿಡಿಯುತ್ತದೆ. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ನಮೂದಿಸದಿದ್ದರೆ ಅಕ್ಷರಗಳು ಗೊಜ್ಜಾಗಿ ಕಾಣಬಹುದು. ಅಲ್ಲದೆ, ಹಿಂದೆ ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕನ್ನಡವು ನಿಜಕ್ಕೆ ಲ್ಯಾಟಿನ್ ಸಂಕೇತಗಳೇ ಆಗಿದ್ದು, ಆ ಶೈಲಿಯ ಮುಸುಕಿನಿಂದ ಮಾತ್ರ ಕನ್ನಡವಾಗಿ ಕಾಣುತ್ತದೆ. ಶಾಲೆಗಳ ಹಳೆಯ ಕಡತಗಳಲ್ಲಿ ಇಂಥವು ಬಹಳ. ಅವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಮಾರ್ಪಡಿಸಿ, ಅರ್ಕಾವತ್ತು ಒತ್ತಕ್ಷರಗಳನ್ನು ಕಣ್ಣಿನಿಂದ ಒಮ್ಮೆ ಪರಿಶೀಲಿಸಿದ ಬಳಿಕವೇ ಪ್ರಕಟಿಸತಕ್ಕದ್ದು.

ಪುಟವು ಕಾಣದೆ 403 ಎಂಬ ಉತ್ತರ ಬಂದರೆ ದೋಷವು ಸಾಮಾನ್ಯವಾಗಿ ಅನುಮತಿಯಲ್ಲಿರುತ್ತದೆ. ಲಿನಕ್ಸಿನಲ್ಲಿ ಪ್ರತಿ ಕಡತಕ್ಕೂ ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳಿಗೆ ಬೇರೆ ಬೇರೆ ಹಕ್ಕುಗಳಿವೆ: ಓದಲು 4, ಬರೆಯಲು 2, ನಡೆಸಲು ಅಥವಾ ಕೋಶವನ್ನು ಹೊಗಲು 1. ಕಡತಕ್ಕೆ 644 ಎಂದರೆ ಒಡೆಯನು ಓದಿ ಬರೆಯಬಹುದು, ಉಳಿದವರು ಓದಬಹುದು. ಕೋಶಕ್ಕೆ 755 ಎಂಬುದು ರೂಢಿ. ತೊಡಕು ಬಂದಾಗಲೆಲ್ಲ 777 ಎಂದು ಬರೆದು ಗೆದ್ದೆನೆಂದು ತಿಳಿಯುವುದು ನವಾಭ್ಯಾಸಿಗಳ ಸಾಮಾನ್ಯ ದೋಷ. ಅದು ಬೀಗ ತೆಗೆಯಲು ಬಾರದವನು ಕದವನ್ನೇ ಕಿತ್ತಿಟ್ಟಂತೆ.

ಇಷ್ಟರವರೆಗೆ ಪುಟವು ಮನೆಯೊಳಗೆ ಮಾತ್ರ ಕಾಣುತ್ತದೆ. 192.168 ಎಂದು ಆರಂಭವಾಗುವ ವಿಳಾಸಗಳು ಮನೆಯೊಳಗಿನ ಕರೆಯುವ ಹೆಸರುಗಳಂತೆ. ಊರಿನವರಿಗೆ ಅವುಗಳಿಂದ ಗುರುತಿಲ್ಲ. ಹೊರಗಿನಿಂದ ಬಂದವರನ್ನು ಸೇವಕದ ಬಳಿಗೆ ಕಳುಹಿಸುವ ಕೆಲಸ ರೌಟರಿನದು. ಗಣಕಕ್ಕೆ ಮನೆಯೊಳಗೆ ಒಂದೇ ವಿಳಾಸ ಸದಾ ದೊರೆಯುವಂತೆ ಕಾದಿರಿಸಿ, 80 ಮತ್ತು 443ನೆಯ ದ್ವಾರಗಳಿಗೆ ಬಂದ ಕೋರಿಕೆಗಳನ್ನು ಅದಕ್ಕೆ ಒಪ್ಪಿಸುವಂತೆ ರೌಟರಿನಲ್ಲಿ ನಮೂದಿಸಬೇಕು. ಹಳೆಯ ಕ್ರಮದ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಅವು ಸಾಲದೆ ಹೋದುದರಿಂದ ಅನೇಕ ಸಂಸ್ಥೆಗಳು ಹಲವು ಮನೆಗಳಿಗೆ ಒಂದೇ ಹೊರವಿಳಾಸವನ್ನು ಹಂಚುತ್ತವೆ. ರೌಟರಿನ ಹೊರವಿಳಾಸವು 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ ಹೀಗಾಗಿದೆಯೆಂದೇ ತಿಳಿಯಬೇಕು. ಆಗ ಮೇಲಿನ ಉಪಾಯ ಫಲಿಸದು. ಸಂಸ್ಥೆಯಿಂದ ಸ್ಥಿರವಿಳಾಸವನ್ನು ಕೊಳ್ಳಬೇಕು, ಇಲ್ಲವೆ ಹೊಸ ಕ್ರಮವಾದ ಐಪಿವಿ6 ಅನ್ನು ಆಶ್ರಯಿಸಬೇಕು. ಮನೆಯ ಸಂಪರ್ಕದಲ್ಲಿ ಸೇವಕ ನಡೆಸಲು ಒಪ್ಪಂದದಲ್ಲಿ ಅವಕಾಶವಿದೆಯೇ ಎಂಬುದನ್ನೂ ಮೊದಲೇ ಓದಿಕೊಳ್ಳುವುದು ಲೇಸು. ಹೊರಕ್ಕೆ ಕಳುಹಿಸುವ ವೇಗವನ್ನೂ ಗಮನಿಸಬೇಕು: ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ 2 ಮೆಗಾಬೈಟಿನ ಒಂದು ಚಿತ್ರಕ್ಕೆ 1.6 ಸೆಕೆಂಡು, ಹತ್ತು ಮಂದಿ ಒಮ್ಮೆಗೆ ಕೇಳಿದರೆ 16 ಸೆಕೆಂಡು. ಆದಕಾರಣ ಚಿತ್ರಗಳನ್ನು ಕಿರಿದಾಗಿಸಿಯೇ ಇಡಬೇಕು.

ಅಂಕೆಗಳ ವಿಳಾಸವನ್ನು ಜನ ನೆನಪಿಡಲಾರರು. ವಾರ್ಷಿಕ ಶುಲ್ಕ ತೆತ್ತು ಒಂದು ಹೆಸರನ್ನು ನೋಂದಾಯಿಸಿ, ಅದನ್ನು ವಿಳಾಸದೊಡನೆ ಜೋಡಿಸಬೇಕು. ಬಳಿಕ ಸಂವಾದವು ಗೋಪ್ಯವಾಗಿರಲು ಪ್ರಮಾಣಪತ್ರ ಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯು 2015ರಿಂದ ಇದನ್ನು ಉಚಿತವಾಗಿ ಕೊಡುತ್ತಿದೆ. ಅದರ ಅವಧಿ ಅಲ್ಪವಾದುದರಿಂದ ‘ಸರ್ಟ್‌ಬಾಟ್’ ಎಂಬ ತಂತ್ರಾಂಶಕ್ಕೆ ನವೀಕರಣದ ಹೊಣೆಯನ್ನು ವಹಿಸುವುದು ವಾಡಿಕೆ.

ಬಾಗಿಲು ತೆರೆದ ಮೇಲೆ ಅತಿಥಿಗಳೊಡನೆ ಕಳ್ಳರೂ ಬರುತ್ತಾರೆ. ಸೇವಕದ ದಿನಚರಿಯ ಕಡತವನ್ನು ತೆರೆದು ನೋಡಿದರೆ, ಎಂದೂ ಇಲ್ಲದ ಪುಟಗಳನ್ನು ಅಪರಿಚಿತ ವಿಳಾಸಗಳಿಂದ ಪದೇ ಪದೇ ಕೇಳಿರುವುದು ಬೇಗನೆ ಕಾಣಿಸುತ್ತದೆ. ಇವು ದುರ್ಬಲ ಬೀಗಗಳನ್ನು ಹುಡುಕಿ ಅಲೆಯುವ ಯಂತ್ರಗಳ ಕೆಲಸ. 404 ಎಂಬ ಉತ್ತರ ಹೋಗಿದ್ದರೆ ಗಾಬರಿಗೆ ಕಾರಣವಿಲ್ಲ, ಅಲಕ್ಷ್ಯಕ್ಕೂ ಕಾರಣವಿಲ್ಲ. 22ನೆಯ ದ್ವಾರವನ್ನು ರೌಟರಿನಲ್ಲಿ ಹೊರಗಿನವರಿಗೆ ತೆರೆಯಕೂಡದು. ಗುಪ್ತಪದದ ಬದಲು ಕೀಲಿಯ ಜೋಡಿಯಿಂದ ಪ್ರವೇಶಿಸುವ ಏರ್ಪಾಡು ಮಾಡಬೇಕು. ‘ಯುಎಫ್‌ಡಬ್ಲ್ಯೂ’ ಎಂಬ ರಕ್ಷಣಾಗೋಡೆಯನ್ನು ಎಬ್ಬಿಸುವಾಗ ಎಸ್‌ಎಸ್‌ಎಚ್‌ಗೆ ಮೊದಲು ಅನುಮತಿ ಕೊಟ್ಟು ಅನಂತರ ಗೋಡೆಯನ್ನು ಚಾಲಿಸಬೇಕು. ಕ್ರಮ ತಪ್ಪಿದರೆ ಒಡೆಯನೇ ಹೊರಗುಳಿಯುತ್ತಾನೆ. ಮನೆಯ ಬ್ಯಾಂಕು ಕಾಗದಗಳಾಗಲಿ ವಿದ್ಯಾರ್ಥಿಗಳ ಸ್ವಂತ ವಿವರಗಳಾಗಲಿ ಆ ಯಂತ್ರದಲ್ಲಿ ಇರಲೇಬಾರದು.

ಕೊನೆಯದಾಗಿ, ಸ್ವಾಧೀನವೆಂದರೆ ಶಾಶ್ವತವೆಂಬ ಭ್ರಮೆ ಸಲ್ಲದು. ಒಂದು ಸಿಡಿಲು, ಒಂದು ಕೆಟ್ಟ ಡಿಸ್ಕು ಮೂವತ್ತು ವರ್ಷದ ಶ್ರಮವನ್ನು ನುಂಗಬಹುದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದಾದರೂ ಬೇರೆ ಊರಿನಲ್ಲಿ ಎಂಬುದು ಬಲ್ಲವರ ಸೂತ್ರ. ಪ್ರತಿ ಮಾಡಿದರಷ್ಟೇ ಸಾಲದು. ಅದರಿಂದ ಮರಳಿ ಪಡೆಯಬಹುದೇ ಎಂದು ಆಗಾಗ ಪರೀಕ್ಷಿಸಲೂ ಬೇಕು. ಆ ಉಪಾಧ್ಯಾಯರ ನೋಟುಪುಸ್ತಕಗಳನ್ನೂ ಎಸೆಯಬಾರದು. ವಿದ್ಯುತ್ತಿಲ್ಲದೆ ಓದಿಸಿಕೊಳ್ಳುವ ಪ್ರತಿ ಅದೊಂದೇ.

ಆರಂಭಶೂರತ್ವ ಈ ಕಾರ್ಯದ ಶತ್ರು. ಸೇವಕವನ್ನು ನಿಲ್ಲಿಸಲು ಎರಡು ರಜಾದಿನಗಳು ಸಾಕು. ಅದನ್ನು ಕಾಪಾಡಲು ವಾರಕ್ಕೆ ಅರ್ಧ ಗಂಟೆಯಂತೆ ವರ್ಷಗಳು ಬೇಕು. ಶಾಲೆಯಲ್ಲಿ ಧೂಳು ಹಿಡಿದ ಒಂದು ಗಣಕ, ಅದನ್ನು ಅರಿತು ನಡೆಸುವ ಒಬ್ಬ ಅಧ್ಯಾಪಕರು, ಕೈಗೂಡುವ ಇಬ್ಬರು ಹಳೆಯ ವಿದ್ಯಾರ್ಥಿಗಳು ಇದ್ದರೆ, ಊರಿನ ಹಾಡುಗಳು ಊರಿನಲ್ಲಿಯೇ ನೆಲೆಸಿ, ದೂರದೇಶದಲ್ಲಿ ದುಡಿಯುವ ಮೊಮ್ಮಕ್ಕಳಿಗೂ ದೊರೆಯುವಂತಾಗುತ್ತದೆ. ಹಾಗೆ ಒಂದು ಹಾಡು ಉಳಿದರೂ ಪಟ್ಟ ಶ್ರಮವು ಸಾರ್ಥಕವೆಂಬಲ್ಲಿ ಸಂಶಯವಿಲ್ಲ.